ನಾಯಂಡಹಳ್ಳಿಯಲ್ಲಿ ಹತ್ತಿದ ನಾಲ್ವರು

ಪ್ರಾಗ್
9 ಏಪ್ರಿಲ್ 2025

ಪ್ರಿಯ ಲಿಂಗಪ್ಪ,

ಸತ್ಯವನ್ನೇ ಹೇಳುತ್ತೇನೆ, ಸತ್ಯವಲ್ಲದೆ ಬೇರೇನನ್ನೂ ಹೇಳುವುದಿಲ್ಲ. ನಾನು ಅಪರಾಧಿ. ಮೊನ್ನೆ ಸೋಮವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಬೆಂಗಳೂರಿನ ಸಿಟಿ ಬಸ್ಸುಗಳಲ್ಲಿ ಮೂವತ್ತೊಂದು ವರ್ಷ ದುಡಿದು, ಕೊನೆಯ ಹನ್ನೆರಡು ವರ್ಷ ಚೆಕಿಂಗ್ ಇನ್ಸ್‌ಪೆಕ್ಟರಾಗಿ ಕಂಡಕ್ಟರುಗಳ ಮತ್ತು ಕಳ್ಳ ಪ್ರಯಾಣಿಕರ ಎದೆ ನಡುಗಿಸಿ ನಿವೃತ್ತನಾದ ನಾಗಭೂಷಣ್ ಎಂಬ ನಾನು, ಪ್ರಾಗ್ ನಗರದ ಟ್ರ್ಯಾಮಿನಲ್ಲಿ ಟಿಕೆಟ್ಟಿಲ್ಲದೆ ಪ್ರಯಾಣಿಸಿ ಸಿಕ್ಕಿಬಿದ್ದೆ. ಈ ಸುದ್ದಿ ಕೇಳಿ ನಿನಗಿಂತ ಹೆಚ್ಚು ಸಂತೋಷಪಡುವವರು ಭೂಮಿಯ ಮೇಲೆ ಇಲ್ಲ ಎಂದು ಗೊತ್ತಿರುವುದರಿಂದ ಮೊದಲ ಕಾಗದ ನಿನಗೆ. ನನ್ನ ಹೆಸರು ಕಂಡರೆ ನೀನು ಮೂರು ವರ್ಷದಿಂದ ಫೋನು ಎತ್ತುವುದಿಲ್ಲ. ಕಾಗದಕ್ಕೆ ಆ ಸೌಲಭ್ಯ ಇಲ್ಲ. ನಿನ್ನ ಕೆಂಗೇರಿಯ ವಿಳಾಸವನ್ನು ಡಿಪೋದ ಬೈರಯ್ಯನಿಂದ ಪಡೆದೆ.

ನಡೆದದ್ದು ಇಷ್ಟು. ಈ ಊರಿನ ಟ್ರ್ಯಾಮಿನಲ್ಲಿ ಕಂಡಕ್ಟರ್ ಎಂಬುವವನೇ ಇಲ್ಲ. ಅಂಗಡಿಯಲ್ಲಿ ಟಿಕೆಟ್ ಕೊಳ್ಳಬೇಕು, ಗಾಡಿ ಹತ್ತಿದ ಮೇಲೆ ಕಂಬಕ್ಕೆ ಬಿಗಿದಿರುವ ಹಳದಿ ಪೆಟ್ಟಿಗೆಯ ಬಾಯಿಗೆ ಅದನ್ನು ತುರುಕಿ ಮುದ್ರೆ ಒತ್ತಿಸಿಕೊಳ್ಳಬೇಕು. ನನಗೆ ಗೊತ್ತಿದ್ದದ್ದು ಒಂದೇ: ಟಿಕೆಟ್ಟಿನ ವಿಷಯ ಕಂಡಕ್ಟರನದು. ಅದನ್ನು ಮಡಿಕೆ ಬೀಳದ ಹಾಗೆ ಪರ್ಸಿನಲ್ಲಿಟ್ಟುಕೊಂಡು, ಕಂಡಕ್ಟರ್ ಬರಲಿ, ಹರಿದು ಕೊಡಲಿ ಎಂದು ಕಿಟಕಿಯ ಪಕ್ಕ ಕೂತೆ. ಬಂದವನು ಜರ್ಕಿನ್ ತೊಟ್ಟ ಒಬ್ಬ ಆಸಾಮಿ. ಅಂಗೈಯಲ್ಲಿ ಒಂದು ಬಿಲ್ಲೆ ತೋರಿಸಿದ. ಹತ್ತಿದ ಕೂಡಲೇ ಹಿಡಿದ ಕಣೋ, ಉಸಿರಾಡಲೂ ಬಿಡಲಿಲ್ಲ. ಮುದ್ರೆಯಿಲ್ಲದ ಟಿಕೆಟ್ಟು ಟಿಕೆಟ್ಟೇ ಅಲ್ಲವಂತೆ. ಎದ್ದು ನಿಂತು, 'ಐ ಆಲ್ಸೋ ಚೆಕಿಂಗ್ ಇನ್ಸ್‌ಪೆಕ್ಟರ್, ಬ್ಯಾಂಗಲೋರ್' ಎಂದು ಸಲ್ಯೂಟ್ ಹೊಡೆದೆ. ಅವನು ಸಲ್ಯೂಟ್ ವಾಪಸು ಕೊಟ್ಟ, ದಂಡದ ರಸೀತಿಯನ್ನೂ ಕೊಟ್ಟ. ಜನ ವಿದೇಶಯಾತ್ರೆ ಮಾಡುತ್ತಾರೆ, ನನ್ನದು ದಂಡಯಾತ್ರೆ.

ಇಲ್ಲಿಗೆ ಬಂದದ್ದು ಮಗಳು ರಮ್ಯಶ್ರೀಯ ಬಾಣಂತನಕ್ಕೆ. ಅಂದರೆ ಅಂಜನಮ್ಮ ಬಂದದ್ದು ಬಾಣಂತನಕ್ಕೆ, ನಾನು ಬಂದದ್ದು ಅಂಜನಮ್ಮನ ಲಗೇಜಾಗಿ. ವಿಜಯನಗರದ ಟ್ರಾವೆಲ್ ಏಜೆನ್ಸಿಯೊಂದರ ಗಾಜಿನ ಮೇಲೆ ಪ್ರಾಗಿನ ಚಿತ್ರ ಅಂಟಿಸಿದ್ದನ್ನು ನೀನೂ ನೋಡಿರುತ್ತೀಯ: ಬಂಗಾರದ ಗೋಪುರಗಳು, ಕಲ್ಲಿನ ಸೇತುವೆ, ಕೆಳಗೆ ಹಂಸಗಳು. ಮಗಳ ಮನೆ ಹಂಸಗಳಿಂದ ಮುಕ್ಕಾಲು ಗಂಟೆ ದೂರ. ಹೌಸಿಂಗ್ ಬೋರ್ಡಿನ ಕ್ವಾರ್ಟರ್ಸನ್ನು ಒಂದರ ಮೇಲೊಂದು ಪೇರಿಸಿದಂಥ ಕಟ್ಟಡ, ಒಂಬತ್ತನೇ ಮಹಡಿ. ಕಿಟಕಿ ತೆಗೆದರೆ ಅಂಥದ್ದೇ ಇನ್ನೊಂದು ಕಟ್ಟಡ, ಅದರ ಕಿಟಕಿಯಲ್ಲಿ ನನ್ನಂಥದ್ದೇ ಇನ್ನೊಬ್ಬ ಮುದುಕ. ಪ್ರಾಗ್ ಎಂಬ ಊರಿಗೆ ಬಂದು ಒಂದೇ ವಾರಕ್ಕೆ ಪ್ರಾಗೈತಿಹಾಸಿಕ ಪ್ರಾಣಿಯಾಗಿಬಿಟ್ಟೆ.

ಆದದ್ದು ಆಗಿಹೋಯಿತು ಲಿಂಗಪ್ಪ. ನಾನು ವರದಿ ಬರೆದೆ, ನಿನ್ನ ಕಂಡಕ್ಟರ್ ಕೆಲಸ ಹೋಯಿತು. ಅದಕ್ಕೆ ಮೊದಲು ಎಂಟು ವರ್ಷ ಮಾರೇನಹಳ್ಳಿಯಲ್ಲಿ ನಮ್ಮ ಮನೆಯ ಮಹಡಿಯ ಮೇಲೆ ನೀವು ಸಂಸಾರ ಮಾಡಿದ್ದಿರಿ. ಎರಡರಲ್ಲಿ ಯಾವುದನ್ನು ನೆನೆದಾದರೂ ಸರಿ, ಒಂದು ಸಾಲು ಬರಿ.

ನಿನ್ನ
ನಾಗಭೂಷಣ್


ಕೆಂಗೇರಿ
24 ಏಪ್ರಿಲ್ 2025

ಮಾನ್ಯ ನಾಗಭೂಷಣ್ ಸರ್ ಅವರಿಗೆ ಲಿಂಗಪ್ಪನ ನಮಸ್ಕಾರಗಳು.

ನಿಮ್ಮ ಕಾಗದ ನಿನ್ನೆ ಬಂತು. ಈಗ ನಾನು ಇಲ್ಲಿನ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕಾವಲಿಗೆ ಇದ್ದೇನೆ. ಬರುವವರ ಹೆಸರು, ಗಾಡಿಯ ನಂಬರು, ಬಂದ ಸಮಯ ಬರೆದುಕೊಳ್ಳುವುದು ನನ್ನ ಕೆಲಸ. ಆ ಪುಸ್ತಕದ ಮೇಲೆ ಇಟ್ಟುಕೊಂಡೇ ನಿಮ್ಮ ಕಾಗದ ಓದಿದೆ. ರಮ್ಯಶ್ರೀ ಅವರಿಗೆ ಹೆರಿಗೆಯಾದದ್ದು ತಿಳಿದು ಸಂತೋಷವಾಯಿತು. ಮಗು ಗಂಡೋ ಹೆಣ್ಣೋ ನೀವು ಬರೆದಿಲ್ಲ.

ಮನೆಯಲ್ಲಿ ಗುರವ್ವನಿಗೆ ಓದಿ ಹೇಳಿದೆ. ಅವಳು, 'ಸಾಹೇಬ್ರು ಸುಮ್‌ಸುಮ್ನ ಬರೆಯೋ ಮನಷ್ಯಾ ಅಲ್ರಿ. ಹಿಯರಿಂಗ್ ವಿಷಯ ಅವ್ರಿಗೆ ಗೊತ್ತಾಗೈತಿ, ಅದಕ್ಕ ಕಾಗದ ಹಾಕ್ಯಾರ' ಅಂದಳು. ನನಗೂ ಹಾಗೇ ಅನ್ನಿಸಿತು. ಬೈರಯ್ಯನವರು ತಿಳಿಸಿರಬೇಕು. ನನ್ನ ಮೇಲ್ಮನವಿ ಜೂನ್ 27ಕ್ಕೆ ವಿಚಾರಣೆಗೆ ಬರುತ್ತದೆ. ಇದೇ ಕೊನೆಯದು, ಇದರ ಮೇಲೆ ಹೋಗಲು ನನ್ನಲ್ಲಿ ಶಕ್ತಿಯಿಲ್ಲ.

ನೀವೇ ಮೊದಲು ಬರೆದದ್ದರಿಂದ ಒಂದು ಮಾತು ಕೇಳುತ್ತೇನೆ. ಕೋಪ ಬೇಡ.

ಆ ದಿನ, 2022ರ ಆಗಸ್ಟ್ 3ರಂದು, ನನ್ನ ಬಸ್ಸಿನಲ್ಲಿ ಟಿಕೆಟ್ಟಿಲ್ಲದ ನಾಲ್ಕು ಜನ ಸಿಕ್ಕರು. ಅವರು ನಾಯಂಡಹಳ್ಳಿಯಲ್ಲಿ ಹತ್ತಿದ್ದರು, ನಾನು ಅವರಿಂದ ದುಡ್ಡು ತೆಗೆದುಕೊಂಡು ಟಿಕೆಟ್ ಕೊಟ್ಟಿರಲಿಲ್ಲ ಎಂದು ನಿಮ್ಮ ವರದಿಯಲ್ಲಿದೆ. ಸಮಯ ಹತ್ತು ಇಪ್ಪತ್ತು ಎಂದಿದೆ. ನೀವೂ ನಾಯಂಡಹಳ್ಳಿಯಲ್ಲೇ ಹತ್ತಿ, ದೀಪಾಂಜಲಿ ನಗರದ ತನಕ ನೋಡಿ, ಆಮೇಲೆ ಹಿಡಿದಿರಿ ಎಂದಿದೆ. ನನ್ನ ನೆನಪಿನಲ್ಲಿ ನೀವೂ ಆ ನಾಲ್ವರೂ ಹತ್ತಿದ್ದು ದೀಪಾಂಜಲಿ ನಗರದಲ್ಲಿ, ಹಿಂದಿನ ಬಾಗಿಲಿನಿಂದ. ಬಸ್ಸು ತುಂಬಿತ್ತು, ನಾನು ಮುಂದೆ ಇದ್ದೆ, ಹತ್ತಿದ್ದನ್ನು ಕಣ್ಣಿನಿಂದ ಕಂಡವನಲ್ಲ. ಇನ್ಸ್‌ಪೆಕ್ಟರ್ ಹತ್ತಿದ ಸ್ಟಾಪಿನಲ್ಲೇ ಹತ್ತಿದವರನ್ನು ಕಂಡಕ್ಟರನ ತಲೆಗೆ ಕಟ್ಟುವ ಹಾಗಿಲ್ಲ, ಟಿಕೆಟ್ ಕೊಡಲು ಅವನಿಗೆ ಸಮಯ ಬೇಕು ಎಂದು ನಿಯಮ ಹೇಳಿಕೊಟ್ಟವರು ನೀವೇ.

ಮೂರು ವರ್ಷ ಎಲ್ಲರೂ ನಾಯಂಡಹಳ್ಳಿ, ನಾಯಂಡಹಳ್ಳಿ ಎಂದು ಕೇಳಿ ಕೇಳಿ ಈಗ ನನಗೂ ಗೊತ್ತಾಗುತ್ತಿಲ್ಲ. ನನ್ನ ನೆನಪೇ ತಪ್ಪಿರಬಹುದು. ಎಲ್ಲಿ ಹತ್ತಿದಿರಿ ಎಂದು ನೀವು ಒಂದು ಸಾಲು ಬರೆದು ಸಹಿ ಹಾಕಿ ಕಳಿಸಿದರೆ ಸಾಕು. ಕೆಲಸ ಬರದಿದ್ದರೂ ಇರಲಿ. ಕಳ್ಳನೋ ಅಲ್ಲವೋ ಅನ್ನುವುದಾದರೂ ತಿಳಿಯಲಿ.

ಅಂಜನಮ್ಮನವರಿಗೆ ನಮಸ್ಕಾರ ಹೇಳಿರಿ.

ಇತಿ,
ಲಿಂಗಪ್ಪ


ಪ್ರಾಗ್
28 ಏಪ್ರಿಲ್ 2025

ಪ್ರಿಯ ಲಿಂಗಪ್ಪ,

ಹತ್ತೊಂಬತ್ತು ದಿನವಾಯಿತು, ನಿನ್ನಿಂದ ಉತ್ತರವಿಲ್ಲ. ಕಾಗದ ಹೋಗಲು ಹದಿನೈದು ದಿನ, ಬರಲು ಹದಿನೈದು ದಿನ ಎಂದು ಅಳಿಯ ಲೆಕ್ಕ ಹೇಳಿದರೂ ನನಗೆ ತಡೆಯುವುದಿಲ್ಲ. ಮಾತಾಡಲು ಇಲ್ಲಿ ಯಾರೂ ಇಲ್ಲ. ಮೊಮ್ಮಗಳಿಗೆ ಒಂದು ತಿಂಗಳಾಗುತ್ತ ಬಂತು, ಅವಳು ನನ್ನ ಶ್ಲೇಷೆಗಳಿಗೆ ಅಳುವುದರ ಮೂಲಕವೇ ಪ್ರತಿಕ್ರಿಯಿಸುತ್ತಾಳೆ. ಅಂಜನಮ್ಮನೂ ಹಿಂದೆ ಹಾಗೇ ಮಾಡುತ್ತಿದ್ದಳು, ಈಗ ಅದನ್ನೂ ಬಿಟ್ಟಿದ್ದಾಳೆ.

ಊರು ನೋಡಿದೆನೇ ಎಂದು ಕೇಳು. ನೋಡಿದೆ. ಇಲ್ಲಿ ಆರುನೂರು ವರ್ಷದ ಹಳೆಯ ಗಡಿಯಾರವೊಂದಿದೆ. ಗಂಟೆಗೊಮ್ಮೆ ಅದರ ಕಿಟಕಿ ತೆಗೆದು ಹನ್ನೆರಡು ಮಂದಿ ಸಂತರು ದರ್ಶನ ಕೊಡುತ್ತಾರಂತೆ. ಅರ್ಧ ಗಂಟೆ ಮೊದಲೇ ಹೋಗಿ ನಿಂತೆ. ನನ್ನ ಮುಂದೆ ಐನೂರು ತಲೆ, ತಲೆಗೊಂದರಂತೆ ಮೇಲೆತ್ತಿದ ಫೋನು. ಗಂಟೆ ಹೊಡೆಯಿತು. ಒಂದು ಅಸ್ಥಿಪಂಜರ ಹಗ್ಗ ಎಳೆಯಿತು, ಸಂತರು ಮಹಡಿ ಮನೆಯ ಬಾಡಿಗೆದಾರರು ಇಣುಕಿದಂತೆ ಇಣುಕಿ ಹೋದರು, ಹುಂಜವೊಂದು ಗಂಟಲು ಕಟ್ಟಿದ ದನಿಯಲ್ಲಿ ಕೂಗಿತು. ಮುಗಿಯಿತು. ನಾನು ಕನ್ನಡಕ ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಆರುನೂರು ವರ್ಷ ಆಗಿಹೋಗಿತ್ತು. ಪಕ್ಕದಲ್ಲಿದ್ದ ಗುಜರಾತಿ ಹೆಂಗಸು ಗಂಡನನ್ನು, 'ಬಸ್?' ಎಂದು ಕೇಳಿದಳು, ಇಷ್ಟೇನಾ ಎಂಬಂತೆ. ಮೂರು ವಾರದಲ್ಲಿ ನನಗೆ ಅರ್ಥವಾದ ಮೊದಲ ಸಂಭಾಷಣೆ ಅದು.

ಸೇತುವೆಗೂ ಹೋದೆ. ಗಾಜಿನ ಮೇಲಿನ ಚಿತ್ರದಲ್ಲಿ ಅದರ ಮೇಲೆ ಒಂದು ನರಪಿಳ್ಳೆ ಇಲ್ಲ. ಇಲ್ಲಿ ನೋಡಿದರೆ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನದ ವಿಜಯನಗರ ಮಾರ್ಕೆಟ್. ವ್ಯತ್ಯಾಸ ಒಂದೇ, ಅಲ್ಲಿ ತಳ್ಳಿದವರು, 'ಸ್ವಲ್ಪ ಜಾಗ ಬಿಡಿ ಅಂಕಲ್' ಎನ್ನುತ್ತಾರೆ. ಇಲ್ಲಿ ಏನೂ ಅನ್ನುವುದಿಲ್ಲ. ಟ್ರ್ಯಾಮಿನಲ್ಲೂ ಹಾಗೆ. ಐವತ್ತು ಜನ ಕೂತಿರುತ್ತಾರೆ, ಶವಯಾತ್ರೆಯ ಶಿಸ್ತು. 'ಮುಂದೆ ಹೋಗ್ರೀ, ಒಳಗೆ ಖಾಲಿ ಇದೆ' ಎನ್ನುವ ಒಂದು ದನಿ ಇಲ್ಲ. ಆ ದನಿಯನ್ನು ನೀನು ತೆಗೆಯುತ್ತಿದ್ದ ರೀತಿ ನೆನಪಾಯಿತು. ನಿನ್ನ ಬಸ್ಸಿನಲ್ಲಿ ಯಾರಿಗೂ ನಿದ್ದೆ ಬರುತ್ತಿರಲಿಲ್ಲ.

ಕಾಲು ನೋಯುತ್ತದೆ. ರಸ್ತೆಯೆಲ್ಲ ಉಂಡೆಗಲ್ಲು. ಅರಮನೆಯ ಗುಡ್ಡ ಹತ್ತಿದೆ, ರಾಜನಿಲ್ಲ, ಸಾಲು ಮಾತ್ರ ಇದೆ. ಇನ್ನು ನೋಡುವುದೇನೂ ಉಳಿದಿಲ್ಲ, ದಿನಗಳು ಮಾತ್ರ ಅರವತ್ತೆರಡು ಉಳಿದಿವೆ. ಜೂನ್ 29ಕ್ಕೆ ವಿಮಾನ.

ಉತ್ತರ ಬರಿ. ಬೈದಾದರೂ ಬರಿ.

ನಾಗಭೂಷಣ್


ಪ್ರಾಗ್
10 ಮೇ 2025

ಪ್ರಿಯ ಲಿಂಗಪ್ಪ,

ನಿನ್ನ ಕಾಗದ ಕೈಸೇರಿತು. ಅಕ್ಷರ ಕಂಡು ಎಷ್ಟು ಸಂತೋಷವಾಯಿತೆಂದರೆ ಅಂಜನಮ್ಮ, 'ಏನ್ರೀ, ಲಾಟರಿ ಹೊಡೀತಾ?' ಎಂದು ಕೇಳಿದಳು. ಮಗು ಹೆಣ್ಣು.

ಹಿಯರಿಂಗಿನ ವಿಷಯ ನನಗೆ ಗೊತ್ತಿರಲಿಲ್ಲ, ಗುರವ್ವನಿಗೆ ಹೇಳು. ನಾನು ನಿಜಕ್ಕೂ ಸುಮ್‌ಸುಮ್ನೆ ಬರೆದವನು.

ನೀನು ಕೇಳಿದ್ದಕ್ಕೆ ಏನು ಹೇಳಲಿ. ನಿನ್ನ ನೆನಪು ತಪ್ಪಿರಬಹುದು ಎಂದು ನೀನೇ ಬರೆದಿದ್ದೀಯ. ಹಾಗೆ ಬರೆಯಲು ದೊಡ್ಡ ಮನಸ್ಸು ಬೇಕು. ನನ್ನ ಸ್ವಭಾವ ನಿನಗೆ ಗೊತ್ತು. ಮೂವತ್ತೊಂದು ವರ್ಷದ ಸರ್ವೀಸಿನಲ್ಲಿ ಡ್ಯೂಟಿಯ ಜಾಗ ಬಿಟ್ಟು ಒಂದು ಹೆಜ್ಜೆ ಕದಲಿದವನಲ್ಲ, ಕಾಣದ್ದನ್ನು ಕಂಡೆ ಎಂದು ಒಂದು ಅಕ್ಷರ ಬರೆದವನಲ್ಲ. ಬೀಳ್ಕೊಡುಗೆಯ ದಿನ ಡಿಪೋ ಮ್ಯಾನೇಜರು ಇದೇ ಮಾತನ್ನು ಮೈಕಿನಲ್ಲಿ ಹೇಳಿದರು, ಶಾಲಿನ ಮೇಲೂ ಬರೆಸುತ್ತಿದ್ದರೇನೋ, ಜಾಗ ಸಾಲಲಿಲ್ಲ. ಈಗ ನಾನೇ ಒಂದು ಸಾಲು ಬರೆದು ಆ ವರದಿಯನ್ನು ತಿದ್ದಿದರೆ, ಉಳಿದ ಸಾವಿರ ವರದಿಗಳನ್ನು ಯಾರು ನಂಬುತ್ತಾರೆ? ಬರೆದದ್ದನ್ನು ಬರೆದ ಹಾಗೆ ಬಿಡುವುದು ಇಬ್ಬರಿಗೂ ಒಳ್ಳೆಯದು. ಮನವಿಯಲ್ಲಿ ಕರುಣೆ ತೋರಿಸಿ ಎಂದು ಕೇಳು, ಸಂಸಾರ ಇದೆ ಎಂದು ಹೇಳು. ಅಧಿಕಾರಿಗಳೂ ಮನುಷ್ಯರೇ.

ಹಳೆಯದು ನೀನೂ ಮರೆತಿದ್ದೀಯ ಎಂದು ನಿನ್ನ ಕಾಗದದ ಧಾಟಿಯಿಂದ ತಿಳಿಯಿತು, ಮನಸ್ಸು ಹಗುರಾಯಿತು. ಬಂದ ಮೇಲೆ ಒಂದು ಭಾನುವಾರ ಕೆಂಗೇರಿಗೆ ಬರುತ್ತೇನೆ. ಗುರವ್ವನ ಕೈಯಡುಗೆ ಉಂಡು ಮೂರು ವರ್ಷವಾಯಿತು. ಇಲ್ಲಿ ಅಂಜನಮ್ಮನಿಗೆ ಬಾಣಂತಿಯ ಪಥ್ಯದಡುಗೆ ಬಿಟ್ಟು ಬೇರೆ ಮಾಡಲು ಪುರುಸೊತ್ತಿಲ್ಲ. ಹಾಗಾಗಿ ನಾನೂ ಬಾಣಂತಿ. ಕಿವಿಗೆ ಹತ್ತಿ ಇಡುವುದೊಂದು ಬಾಕಿ.

ನಿನ್ನ
ನಾಗಭೂಷಣ್


ಕೆಂಗೇರಿ
26 ಮೇ 2025

ಮಾನ್ಯ ಸರ್,

ನಿಮ್ಮ ಎರಡು ಕಾಗದಗಳು ಬಂದವು. ಗಡಿಯಾರದ ಕಾಗದವನ್ನು ಮಗಳು ಚೇತನಾ ಓದಿ ನಕ್ಕಳು. ಎರಡನೆಯದನ್ನು ನಾನೊಬ್ಬನೇ ಓದಿದೆ.

ನಾನು ಮರೆತಿಲ್ಲ ಸರ್. ಧಾಟಿ ಅಂದಿರಿ. ಗೇಟಿನಲ್ಲಿ ನಿಂತು ದಿನಕ್ಕೆ ಇನ್ನೂರು ಜನಕ್ಕೆ 'ಬರ್ರಿ ಸರ್, ಹೋಗ್ರಿ ಸರ್' ಅನ್ನುವವನ ಧಾಟಿ ಅದು.

ಯೂನಿಯನ್ನಿನ ಮೋಹನ್ ಕುಮಾರ್ ಅವರು ಮೊನ್ನೆ ಬಂದಿದ್ದರು. 'ಇನ್ಸ್‌ಪೆಕ್ಟರ್ ಕಡೆಯಿಂದ ಏನೂ ಬರಲ್ಲ ಲಿಂಗಪ್ಪ, ಜಗ್ಗಾಡಬೇಡ. ತಪ್ಪು ಮಾಡಿದೀನಿ, ಕ್ಷಮಿಸಿ ಅಂತ ಬರ್ಕೊಟ್ಬಿಡು. ಡಿಪೋದಲ್ಲಿ ಬಸ್ ತೊಳೆಯೋ ಕೆಲಸಾನಾದ್ರೂ ಕೊಡಿಸೋಣ' ಅಂದರು. ನಾನು ಒಪ್ಪಿದೆ. ಜೂನ್ 27ರಂದು ಅದೇ ರೀತಿ ಬರೆದು ಕೊಡುತ್ತೇನೆ: ನಾಲ್ಕು ಜನ ನಾಯಂಡಹಳ್ಳಿಯಲ್ಲಿ ಹತ್ತಿದರು, ನಾನು ದುಡ್ಡು ತೆಗೆದುಕೊಂಡೆ, ಟಿಕೆಟ್ ಕೊಡಲಿಲ್ಲ.

ಚೇತನಾ ಕೇಳಿದಳು, 'ಅಪ್ಪಾ, ನೀ ತಗೊಂಡಿಲ್ಲಂದ್ರ ಯಾಕ ಬರದು ಕೊಡ್ತಿ?' 'ಸಾಹೇಬ್ರು ಸುಳ್ಳು ಬರೆಯೋರಲ್ಲವ್ವ' ಅಂದೆ. ಅವಳು, 'ಹಂಗಾರ ನೀ ತಗೊಂಡೀ ಏನು?' ಅಂದಳು. ನಾನು ಡ್ಯೂಟಿಗೆ ಹೊರಟೆ. ಎರಡು ದಿನದಿಂದ ಅವಳು ನನ್ನ ಜೊತೆ ಹೆಚ್ಚು ಮಾತಾಡುತ್ತಿಲ್ಲ.

ನೀವು ಊಟಕ್ಕೆ ಬರುವುದಾಗಿ ಬರೆದಿದ್ದೀರಿ. ಬರ್ರಿ. ಗುರವ್ವ ಬ್ಯಾಡ ಅನ್ನುವವಳಲ್ಲ. ಇನ್ನು ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿರಿ.

ಇತಿ,
ಲಿಂಗಪ್ಪ


ಪ್ರಾಗ್
8 ಜೂನ್ 2025

ಲಿಂಗಪ್ಪ,

ಏನನ್ನೂ ಬರೆದು ಕೊಡಬೇಡ. ಸಹಿ ಹಾಕಬೇಡ. ಮೊದಲು ಇದನ್ನು ಓದು. ಅಂಚೆಯನ್ನು ನಂಬದೆ ಇದರ ಫೋಟೋಗಳನ್ನು ರಮ್ಯಶ್ರೀ ಇವತ್ತೇ ಚೇತನಾಳ ಫೋನಿಗೆ ಕಳಿಸುತ್ತಾಳೆ. ಮೂಲ ರಿಜಿಸ್ಟರ್ಡ್ ಅಂಚೆಯಲ್ಲಿ ಬರುತ್ತದೆ. ಜೊತೆಯಲ್ಲಿರುವ ಹಾಳೆ ನನ್ನ ಹೇಳಿಕೆ, ಸಹಿಯೊಂದಿಗೆ. ಅದನ್ನು ಮೋಹನ್ ಕುಮಾರನ ಕೈಗೆ ಕೊಡು.

ನಿನ್ನ ಕಾಗದವನ್ನು ಊಟದ ಮೇಜಿನ ಮೇಲೆ ಬಿಟ್ಟು ಸ್ನಾನಕ್ಕೆ ಹೋಗಿದ್ದೆ. ಬರುವಷ್ಟರಲ್ಲಿ ಅಂಜನಮ್ಮ ಓದಿದ್ದಳು. ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬೆನ್ನು ತಟ್ಟುತ್ತಲೇ ಕೇಳಿದಳು.

'ಆ ಹುಡುಗಿ ಅಪ್ಪನ ಹತ್ರ ಮಾತಾಡ್ತಿಲ್ವಂತೆ.'

'ಓದಿದೆ.'

'ನೀವು ಅವತ್ತು ಎಲ್ಲಿದ್ರಿ ಅಂತ ನನಗೆ ಗೊತ್ತು. ನಿಮ್ಮ ಖಾಕಿ ಪ್ಯಾಂಟ್ ಒಗೆದವಳು ನಾನು.'

'ಗೊತ್ತಿದ್ದು ಮೂರು ವರ್ಷ ಸುಮ್ನಿದ್ದೀಯ?'

'ನಿಮ್ಮ ಮರ್ಯಾದೆ ಅಂತ ಸುಮ್ನಿದ್ದೆ. ಅವರ ಕೆಲಸ ಹೋಗಿದ್ದು ಬೇರೇನೋ ತಪ್ಪಿಗೆ ಅಂದ್ಕೊಂಡಿದ್ದೆ ರೀ. ಇದಕ್ಕೆ ಅಂತ ನನಗೇನು ಗೊತ್ತು? ಬರೀರಿ. ನಾಚಿಕೆ ಆದ್ರೆ ಆಗ್ಲಿ.'

ಮಗು ತೇಗಿತು.

ಎದ್ದು ಹೊರಗೆ ಹೋದೆ. ಟ್ರ್ಯಾಮ್ ಹತ್ತಿ, ಹಳದಿ ಪೆಟ್ಟಿಗೆಗೆ ಟಿಕೆಟ್ ಕೊಟ್ಟು ಮುದ್ರೆ ಒತ್ತಿಸಿಕೊಂಡು, ಕೊನೆಯ ಸ್ಟಾಪಿನ ತನಕ ಕೂತೆ. ಅಲ್ಲಿಂದ ವಾಪಸು. ಹೀಗೆ ಎರಡು ಸಲ. ಗೋಪುರಗಳು ಬಂದವು, ಹೋದವು. ನೋಡಬೇಕು ಎನ್ನಿಸಲಿಲ್ಲ.

ಮೊದಲ ಕಾಗದದಲ್ಲಿ ನಿನಗೊಂದು ಸುಳ್ಳು ಬರೆದಿದ್ದೆ. ಆ ಇನ್ಸ್‌ಪೆಕ್ಟರ್ ನನ್ನನ್ನು ಹತ್ತಿದ ಕೂಡಲೇ ಹಿಡಿಯಲಿಲ್ಲ. ಅವನೂ ನಾನೂ ಒಂದೇ ಸ್ಟಾಪಿನಲ್ಲಿ, ಒಂದೇ ಬಾಗಿಲಿನಲ್ಲಿ ಹತ್ತಿದವರು. ನನ್ನ ಎದುರಿನ ಸೀಟಿನಲ್ಲೇ ಕೂತ. ಒಂದು ಸ್ಟಾಪ್ ಹೋಯಿತು. ಅವನು ಒಮ್ಮೆ ನನ್ನನ್ನು ನೋಡಿದ, ಒಮ್ಮೆ ಪೆಟ್ಟಿಗೆಯನ್ನು ನೋಡಿದ. ಎರಡನೇ ಸ್ಟಾಪ್ ಹೋಯಿತು. ಆಮೇಲೆ ಎದ್ದು ಬಿಲ್ಲೆ ತೋರಿಸಿದ. ಹತ್ತಿದೊಡನೆ ಹಿಡಿದೆಯಲ್ಲ ಎಂದು ನಾನು ಜಗಳ ತೆಗೆದಾಗ ಗಡಿಯಾರ ಮುಂದೆ ಹಿಡಿದು, ಹರಕು ಇಂಗ್ಲಿಷಿನಲ್ಲಿ, 'ನೀನು ಹತ್ತಿದಾಗ ನಾನೂ ಹತ್ತಿದೆ. ನಿನಗೆ ಸಮಯ ಕೊಟ್ಟೆ' ಎಂದ. ಆ ಸಂಜೆಯೇ ನಿನಗೆ ಬರೆಯಬೇಕೆಂದು ಕೂತೆ. ಮನಸ್ಸಿನಲ್ಲಿ ಇದ್ದದ್ದೊಂದು, ಹಾಳೆಯ ಮೇಲೆ ಇಳಿದದ್ದು ದಂಡಯಾತ್ರೆ. ಎರಡು ದಿನ ತಿದ್ದಿದೆ, ನಗೆಯನ್ನೇ ತಿದ್ದಿದೆ.

ನಿನ್ನ ನೆನಪು ಸರಿಯಾಗಿದೆ ಲಿಂಗಪ್ಪ. ಚೇತನಾಳಿಗೆ ಇದನ್ನು ಗಟ್ಟಿಯಾಗಿ ಓದಲು ಹೇಳು. ಆ ನಾಲ್ವರು ಹತ್ತಿದ್ದು ದೀಪಾಂಜಲಿ ನಗರದಲ್ಲಿ. ನಾನು ಹತ್ತಿದ್ದೂ ಅಲ್ಲೇ. ನೀನು ಒಂದು ಕಾಸು ಮುಟ್ಟಿಲ್ಲ.

ಹೇಳಿಕೆಯ ಹಾಳೆಯಲ್ಲಿ ಇಷ್ಟೇ ಇದೆ. ಆದರೆ ಅಧಿಕಾರಿಗಳು ಹಾಗಾದರೆ ನಾಯಂಡಹಳ್ಳಿ ಎಂದು ಯಾಕೆ ಬರೆದಿರಿ ಎಂದು ಕೇಳುತ್ತಾರೆ. ಕಾರಣವಿಲ್ಲದ ತಿದ್ದುಪಡಿಯನ್ನು ಅವರು ನಂಬುವುದಿಲ್ಲ, ನಾನಾಗಿದ್ದರೂ ನಂಬುತ್ತಿರಲಿಲ್ಲ. ಆದ್ದರಿಂದ ಕಾರಣವನ್ನೂ ಇಲ್ಲಿ ಬರೆಯುತ್ತೇನೆ, ಬೇಕಾದರೆ ಇದನ್ನೂ ತೋರಿಸು. ಡಿಪೋದವರು ನಗಲಿ. ಬೈರಯ್ಯ ಇದನ್ನು ಕ್ಯಾಂಟೀನಿನಲ್ಲಿ ನಟಿಸಿ ತೋರಿಸುತ್ತಾನೆ, ತೋರಿಸಲಿ.

ಹಿಂದಿನ ದಿನ ನಾಗರ ಪಂಚಮಿ. ಗುರವ್ವ ಮಹಡಿಯಿಂದ ಶೇಂಗಾ ಹೋಳಿಗೆ ಕಳಿಸಿದ್ದಳು. 'ಎರಡು ತಿನ್ರಿ ಸಾಹೇಬ್ರ, ಭಾಳ ಜಡ ಅದಾವ' ಎಂದು ಹೇಳಿಯೂ ಇದ್ದಳು. ನಾನು ಏಳು ತಿಂದೆ. ಮರುದಿನ ನನ್ನ ಡ್ಯೂಟಿ ನಾಯಂಡಹಳ್ಳಿ ಸ್ಟಾಪಿನಲ್ಲಿ, ಒಂಬತ್ತರಿಂದ. ಜೊತೆಯವನು ರಜ. ಮನೆಯಿಂದ ಹೊರಟವನಿಗೆ ದೀಪಾಂಜಲಿ ನಗರ ದಾಟಲು ಆಗಲಿಲ್ಲ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ, ಒಂದು ಹೆಜ್ಜೆ ಕದಲದ ನಾಗಭೂಷಣ್, ಸ್ಟಾಪಿನ ಹಿಂದಿನ ಹೋಟೆಲಿನ ಪಾಯಿಖಾನೆಯಲ್ಲಿ ಮೂರನೇ ಸಲ ಕೂತಿದ್ದ. ನಾಯಂಡಹಳ್ಳಿಯಲ್ಲಿ ಇದ್ದೆ ಎಂದು ತೋರಿಸಲು ನನಗೆ ಅವತ್ತು ಒಂದು ಕೇಸು ಬೇಕಿತ್ತು. ಹೊರಗೆ ಬರುವಾಗ ನಿನ್ನ ಬಸ್ಸು ಹೊರಡುತ್ತಿತ್ತು. ಒಂದು ಕೈಯಲ್ಲಿ ಬೆಲ್ಟು, ಒಂದು ಕೈಯಲ್ಲಿ ಟೋಪಿ ಹಿಡಿದು ಓಡಿದೆ. ಹಿಂದಿನ ಬಾಗಿಲಿನಲ್ಲಿ ಆಗಷ್ಟೇ ಹತ್ತಿದವರು, 'ಹೋಲ್ಡಾನ್, ಹೋಲ್ಡಾನ್, ಪಾಪ ಸಾಹೇಬ್ರು ಬರ್ತಾ ಇದಾರೆ' ಎಂದು ಬಸ್ಸಿನ ಮೈ ಬಡಿದು ನಿಲ್ಲಿಸಿ, ನನ್ನ ರಟ್ಟೆ ಹಿಡಿದು ಮೇಲೆಳೆದುಕೊಂಡರು.

ನಾನು ನಿನ್ನ ತಲೆಗೆ ಕಟ್ಟಿದ ನಾಲ್ಕು ಜನ ಅವರೇ.

ನಾಗಭೂಷಣ್